ಯಗಟಿಯ ಕುರಿತೊಟ್ಟಿಯ ಜಾಯಿಂಟು

ನನ್ನ ಅಬ್ಬಾ,

ಮನೆಯಲ್ಲಿ ನಮ್ಮ ಮಾತೆಲ್ಲ ದಖ್ನಿ ಉರ್ದು. ಆದರೆ ಪೈಪಿನ ಕೆಲಸ ಕಲಿಸುವಾಗ ನೀವು ಕನ್ನಡದಲ್ಲೇ ಬೈಯುತ್ತಿದ್ದಿರಿ, ಅದಕ್ಕೇ ಈ ಕಾಗದವೂ ಕನ್ನಡದಲ್ಲಿದೆ. ಇವತ್ತು ಬೈಯುವ ಸರದಿ ನನ್ನದು.

ಯಗಟಿಯ ಕಲ್ಲಮ್ಮನ ಕುರಿತೊಟ್ಟಿ ನೆನಪಿದೆಯಾ? ಮರೆಯುವುದುಂಟೇ! ತೊಟ್ಟಿಗೆ ನೀರು ಬರುವ ಪೈಪಿಗೆ ಕುರಿಗಳು ಮೈ ಉಜ್ಜಿ ಉಜ್ಜಿ ಜಾಯಿಂಟು ಬಿರುಕು ಬಿಡುತ್ತಿತ್ತು, ನೀವು ತರೀಕೆರೆಯಿಂದ ಬಸ್ಸು ಹತ್ತುತ್ತಿದ್ದಿರಿ. ಕೊನೆಗೊಮ್ಮೆ ಗಟ್ಟಿ ಪೈಪು ತೆಗೆದು ಬಗ್ಗುವ ಪಿವಿಸಿ ಪೈಪು ಹಾಕಿದಿರಿ. ಅದೂ ಜಾಯಿಂಟಿನಲ್ಲೇ ಸೋರಿತು. "ಬಗ್ಗೋ ಪೈಪು ನಂಬಬೇಡ ಬೇಟಾ, ಬೆನ್ನೆಲುಬಿಲ್ಲದ್ದು" ಅಂದಿರಿ. ಮತ್ತೆ ಹೋಗಿ ಸರಿಮಾಡುವಷ್ಟರಲ್ಲಿ ನೀವೇ...

ಹೊಸ ಜಾಯಿಂಟಿಗೆ ಹಳೇ ಪೇಪರಿನ ಚೂರು ಸುತ್ತಿ ದಾರ ಕಟ್ಟುವುದು ನಿಮ್ಮ ಪದ್ಧತಿ. ನೀರು ಬಿಟ್ಟ ಮೇಲೂ ಪೇಪರು ಒದ್ದೆಯಾಗದಿದ್ದರೆ ಮಾತ್ರ ಆ ಮನೆಯ ಟೀ ಕುಡಿಯುತ್ತಿದ್ದಿರಿ. ಕಲ್ಲಮ್ಮನ ಮನೆಯಲ್ಲಿ ಷರತ್ತು ಇನ್ನೂ ಬಿಗಿ: ಕುರಿಗಳು ಒಂದು ವಾರ ಉಜ್ಜಿದ ಮೇಲೂ ಒಣಗಿರಬೇಕು. ಆ ಟೀ ನಿಮಗೆ ಕೊನೆಗೂ ಸಿಗಲಿಲ್ಲ.

ನೀವು ಹೋದ ಮೇಲೆ ಚಾಚಾ ನಿಮ್ಮ ಸಾಮಾನಿನ ಚೀಲ ಮಾರಿಬಿಡು ಎಂದರು. "ಹೆಣ್ಣು ಹುಡುಗಿ ಪೈಪು ಹಿಡ್ಕೊಂಡು ಊರೂರು ಸುತ್ತೋದಾ?" ನಾನು ಕೊಡಲಿಲ್ಲ. ಅಷ್ಟರಲ್ಲಿ ಕಲ್ಲಮ್ಮನ ಫೋನು. "ನಿಮ್ಮಪ್ಪಾರ ಮೇಲಿನ ನಂಬಿಕೇಲಿ ಕರೀತಿದೀನಿ ಕಣವ್ವಾ. ಇದೂ ಕಿತ್ಕಂಡ್ರೆ ಕಡೂರಿಂದ ಬೇರೆಯವ್ರನ್ನ ಕರುಸ್ತೀನಿ." ಕಿತ್ತುಬಂದರೆ ಚೀಲ ಮಾರುವುದೇ ಸೈ ಎಂದು ಚಾಚಾ ಅಲ್ಲೇ ತೀರ್ಪು ಕೊಟ್ಟರು.

ಹೋಗಿ ನಿಮ್ಮ ಜಾಯಿಂಟನ್ನು ಕತ್ತರಿಸಿ ನೋಡಿದೆ. ಪೈಪಿಗೆ ಏನೂ ಆಗಿರಲಿಲ್ಲ. ಒಳಗೆ ಅಂಟಿಸಲು ಬಳಿದ ಸಲ್ಯೂಷನ್ ಮಾತ್ರ ಒಣಗಿದ ಕೆರೆಯ ಮಣ್ಣಿನಂತೆ ಬಿರಿದಿತ್ತು. ಗಟ್ಟಿ ಪೈಪಿಗೆ ಹಚ್ಚುವ ಮಾಮೂಲಿ ಡಬ್ಬಿಯನ್ನೇ ಇದಕ್ಕೂ ಬಳಿದಿದ್ದಿರಿ! ಪೈಪು ಬಗ್ಗುತ್ತದೆ, ಅಂಟು ಬಗ್ಗುವುದಿಲ್ಲ. ಬಿರಿಯದೆ ಇನ್ನೇನು ಮಾಡೀತು? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಪಾಪದ ಪೈಪನ್ನು ಸುಮ್ಮನೆ ಬೈದಿರಿ ಅಬ್ಬಾ.

ಕಡೂರಿನ ಅಂಗಡಿಯಲ್ಲಿ ಬಗ್ಗುವ ಪಿವಿಸಿಗೆ ಹಚ್ಚುವ ಸಲ್ಯೂಷನ್ ಕೇಳಿದೆ. "ಎಲ್ಲಾ ಒಂದೇ ಕಣಮ್ಮ, ಇದನ್ನೇ ತಗಂಡೋಗು" ಎಂದು ಅಂಗಡಿಯವನು ಮಾಮೂಲಿ ಡಬ್ಬಿ ಇಟ್ಟ. "ಎಲ್ಲಾ ಒಂದೇ ಆಗಿದ್ರೆ ಡಬ್ಬಿ ಮೇಲೆ ಬೇರೆ ಬೇರೆ ಯಾಕ್ರೀ ಬರ್ದಿರ್ತಾರೆ?" ಅಂದೆ. ಬೇಕಾದ್ದು ಮೇಲಿನ ಅಟ್ಟದಿಂದ ಇಳಿಯುವವರೆಗೂ ನಾನು ಅಲ್ಲಾಡಲಿಲ್ಲ. ನಿಮ್ಮ ಮಗಳಲ್ಲವೇ? ತಾರೀಖು ನೋಡಿದೆ, ಮುಚ್ಚಳ ತೆಗೆದು ಲೋಳೆಗಟ್ಟಿಲ್ಲ ಎಂದು ಖಾತ್ರಿ ಮಾಡಿಕೊಂಡೆ.

ಉಳಿದದ್ದೆಲ್ಲ ನೀವು ಕಲಿಸಿದಂತೆಯೇ. ನೇರ ಕತ್ತರಿಸಿ, ಒರೆಸಿ, ಎರಡೂ ಕಡೆ ಬಳಿದು, ತುಸು ತಿರುಗಿಸಿ ತೂರಿಸಿ, ಹಿಡಿದೇ ನಿಂತೆ. "ಆತುರ ಪಟ್ಟು ಕೈ ಬಿಡ್ಬೇಡ" ಎಂದು ಕಿವಿಯಲ್ಲಿ ಗದರಿದ್ದು ನೀವೇ ತಾನೇ? ಮರುದಿನ ಪೇಪರು ಸುತ್ತಿ ನೀರು ಬಿಟ್ಟೆ.

ವಾರ ಕಳೆದು ನಿನ್ನೆ ಯಗಟಿಗೆ ಹೋದೆ. ಪೇಪರಿನ ತುಂಬ ಕುರಿಯ ಉಣ್ಣೆ ಅಂಟಿತ್ತು. ದಾರ ಬಿಚ್ಚಿ ಬೆರಳಿನಿಂದ ಮುಟ್ಟಿದೆ. ಒಣಗಿತ್ತು ಅಬ್ಬಾ! ಚೀಲ ಇನ್ನು ನನ್ನ ಹೆಗಲು ಬಿಟ್ಟು ಹೋಗುವುದಿಲ್ಲ. ನಾಳೆ ಅಜ್ಜಂಪುರದಲ್ಲಿ ಕೆಲಸವಿದೆ, ಕಲ್ಲಮ್ಮನೇ ಹೇಳಿ ಕೊಡಿಸಿದ್ದು.

ಅವರು ಎರಡು ಲೋಟ ಟೀ ತಂದಿಟ್ಟರು. "ಒಂದು ನಿಂಗೆ, ಒಂದು ನಮ್ ಸಾಬ್ರಿಗೆ. ಅವ್ರುದ್ದೂ ನೀನೇ ಕುಡೀಬೇಕು" ಅಂದರು. ಅಳು ಬಂತು, ಅಳುತ್ತಲೇ ಕುಡಿದೆ. ಕಲ್ಲಮ್ಮ ಸಕ್ಕರೆ ಜಾಸ್ತಿ ಹಾಕುತ್ತಾರೆ ಅಬ್ಬಾ. ಕುಡಿದಿದ್ದರೆ ನಿಮಗೆ ತುಂಬ ಹಿಡಿಸುತ್ತಿತ್ತು.

ನಿಮ್ಮ ಮಗಳು,
ಶಮೀಮ್