ಸೌದೆ ಒಣಗುವ ತನಕ

ಪುಟ್ಟಿಯ ಅಪ್ಪನವರಿಗೆ ನಮಸ್ಕಾರ.

ಹೆದರಬೇಡಿ, ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ಮುಂದಿನ ವಾರ ಆಸ್ಪತ್ರೆಯಿಂದ ಬಿಡುತ್ತಾರೆಂದು ಬರೆದಿದ್ದೀರಿ. ದಯವಿಟ್ಟು ಈಗಲೇ ಬರಬೇಡಿ. ಸೌದೆ ಇನ್ನೂ ಒಣಗಿಲ್ಲ.

ಎಲ್ಲಿ ಮಳೆ ಬಿದ್ದೀತೋ ಎಂದು ರಾಶಿಯನ್ನು ನೆಲದ ತನಕ ಟಾರ್ಪಾಲಿನಲ್ಲಿ ಬಿಗಿಯಾಗಿ ಸುತ್ತಿಟ್ಟಿದ್ದೆ. ಗಾಳಿಯಾಡದೆ ಒಳಗೆಲ್ಲ ಬೂಷ್ಟು ಹಿಡಿಯಿತು. ಪಕ್ಕದ ಮನೆಯ ಅಕ್ಕ ನೋಡಿ, "ಸೌದೆಗೂ ಚಳಿಯೇನೇ? ಮಗು ಥರ ಹೊದಿಸಿ ಮಲಗಿಸಿದ್ದೀಯಲ್ಲ" ಅಂದರು. ಆಮೇಲೆ ಅವರೇ ನಿಂತು ದಪ್ಪ ತುಂಡುಗಳನ್ನು ಸೀಳಿಸಿ, ಬಿಸಿಲಿಗೆ ಅಡ್ಡಡ್ಡ ಪೇರಿಸಿಕೊಟ್ಟರು. ಈಗ ಮೇಲೊಂದು ತಗಡು ಮಾತ್ರ ಇದೆ.

ನಿನ್ನೆ ನಾಲ್ಕು ತುಂಡು ಹಚ್ಚಿ ನೋಡಿದೆ. ಕೋಣೆ ತುಂಬ ಹೊಗೆ, ಪುಟ್ಟಿಯೇ ಕೆಮ್ಮಿದಳು. ನಿಮ್ಮ ಎದೆಗೆ ಹೊಗೆ ತಾಗಲೇಬಾರದೆಂದು ಡಾಕ್ಟರು ಹೇಳಿದ್ದಾರೆ. ಒಲೆ ಹಚ್ಚದೆ ಇರೋಣವೆಂದರೆ ಈ ಚಳಿ ಬಿಡುವುದಿಲ್ಲ.

ಎರಡು ತುಂಡು ಬಡಿದರೆ ಹಸಿಯೋ ಒಣಗಿದ್ದೋ ಎಂದು ಸದ್ದಿನಲ್ಲೇ ಹೇಳುತ್ತಿದ್ದವರು ನೀವು. ಭಾನುವಾರ ಫೋನಿನ ಹತ್ತಿರ ಹಿಡಿದು ಬಡಿಯುತ್ತೇನೆ, ಕೇಳಿ ಹೇಳಿ. ಬರುವ ಆಸೆಗೆ ಸುಳ್ಳು ಹೇಳಬೇಡಿ. ನಾನೂ ದಿನಾ ಬೆಳಿಗ್ಗೆ ಬಡಿದು ನೋಡುತ್ತೇನೆ. ನನ್ನ ಕಿವಿಗೆ ಅದು ಆಗಲೇ ಒಣಗಿದ ಹಾಗೆ ಕೇಳುತ್ತಿದೆ. ಅದಕ್ಕೇ ನನ್ನನ್ನು ನಂಬುವಂತಿಲ್ಲ.

ಮಫ್ಲರು ಬಿಚ್ಚಬೇಡಿ.

ಇಂತಿ,
ನಿಮ್ಮ ಮನೆಯವಳು