ಭಾವನ ಮನೆ ಮುಂದಿನ ಸ್ಯಾಂಪಲ್

೧೪ ಅಕ್ಟೋಬರ್ ೨೦೨೫
ಬೆಳಗಿನ ಜಾವ ನಾಲ್ಕು ಹತ್ತು

ಪ್ರೀತಿಯ ಅಕ್ಕ,

ನಾಲ್ಕು ಗಂಟೆಗೆ ಚಪ್ಪಲಿ ಸದ್ದಿಗೆ ಎಚ್ಚರವಾಯಿತು. ಇವರು ಎರಡೂ ಕೈಗೆ ಹವಾಯಿ ಚಪ್ಪಲಿ ಸಿಕ್ಕಿಸಿಕೊಂಡು, ನೆಲಕ್ಕೆ ಊರಿ ಊರಿ, ಹಿತ್ತಿಲ ಬಚ್ಚಲಿಗೆ ತೆವಳಿಕೊಂಡು ಹೋಗುವ ಸದ್ದು. ಯಾರೂ ನೋಡಬಾರದೆಂದು ಊರು ಏಳುವ ಮೊದಲೇ ಹೋಗಿ ಬರುತ್ತಾರೆ. ಗಾಲಿಕುರ್ಚಿ ಹಿತ್ತಿಲ ಬಾಗಿಲಲ್ಲಿ ತೂರುವುದಿಲ್ಲ, ತೂರಿದರೂ ಆಚೆ ಮೂರು ಮೆಟ್ಟಿಲು. ಅವರು ವಾಪಸ್ ಬರುವವರೆಗೆ ನಿದ್ದೆ ಹತ್ತಿದವಳ ಹಾಗೆ ಬಿದ್ದುಕೊಂಡಿರುವುದು ನನ್ನ ದಿನದ ಕೆಲಸ. ಇವತ್ತು ಆಗಲಿಲ್ಲ. ಅಡುಗೆಮನೆಯಲ್ಲಿ ಕೂತು ಬರೆಯುತ್ತಿದ್ದೇನೆ.

ನಾಲ್ಕು ದಿನದಿಂದ ನಿನ್ನ ಮೆಸೇಜಿಗೆ ಉತ್ತರ ಕೊಟ್ಟಿಲ್ಲ, ಕ್ಷಮಿಸು. ಅಮ್ಮನ ಕಣ್ಣಿನ ಆಪರೇಷನ್ ಚೆನ್ನಾಗಿ ಆಯಿತೆಂದು ಓದಿ ಸಮಾಧಾನವಾಯಿತು. ಫೋನಿನಲ್ಲಿ ಮಾತಾಡಹೋದರೆ ಅತ್ತುಬಿಡುತ್ತೇನೆ, ಇವರಿಗೆ ಕೇಳಿಸುತ್ತದೆ. ಅದಕ್ಕೇ ಕಾಗದ. ಫೋಟೋ ತೆಗೆದು ವಾಟ್ಸಾಪ್ ಮಾಡುತ್ತೇನೆ. ತವರಲ್ಲಿ ಅಮ್ಮನಿಗೆ ಡ್ರಾಪ್ಸ್ ಹಾಕಲು ಐದಕ್ಕೇ ಏಳುತ್ತೀಯಲ್ಲ, ಆಗ ನೋಡು.

ಗಡಿಯಲ್ಲಿ ಕಾಲು ಕಳೆದುಕೊಂಡವರ ಮನೆ ಸರಿಮಾಡಿಸಲು ಕೊಡುವ ಸಹಾಯಧನ ಇವರಿಗೆ ಮಂಜೂರಾಗಿ ವರ್ಷವಾಯಿತು. ಬಾಗಿಲು ಅಗಲ ಮಾಡಬೇಕು, ಬಚ್ಚಲು ಒಳಗೆ ಬರಬೇಕು, ಮುಂದೆ ರ‍್ಯಾಂಪ್ ಆಗಬೇಕು. ಓಡಾಟಕ್ಕೆ ಅಣ್ಣನಿದ್ದಾನೆ ಎಂದು ಇವರು ಕಾಗದಪತ್ರಕ್ಕೆ, ಬ್ಯಾಂಕಿನ ಚೀಟಿಗಳಿಗೆ ಸಹಿ ಹಾಕಿ ನಿನ್ನ ಗಂಡನ ಕೈಗೇ ಕೊಟ್ಟರು. ಅಣ್ಣತಮ್ಮಂದಿರನ್ನು ಅಕ್ಕತಂಗಿಯರು ಮದುವೆಯಾದ ಮನೆ, ಒಂದೇ ನಿವೇಶನದಲ್ಲಿ ಎರಡು ಬಾಗಿಲು. ಅನುಮಾನ ಎಲ್ಲಿಂದ ಬರಬೇಕು?

ಭಾವ ಮೇಸ್ತ್ರಿಯನ್ನು ಕರೆತಂದ ದಿನ ನೆನಪಿದೆಯಾ? "ಮೊದ್ಲು ನಮ್ಮನೆ ಮುಂದೆ ಒಂದು ಸ್ಯಾಂಪಲ್ ಕಟ್ಟಿ ನೋಡಾನ ಕಣಮ್ಮ. ಇಳಿಜಾರು ಸರಿಗೆ ಬಂದ್ರೆ ನಿಮ್ದು. ಸುನೀಲನ್ನ ಕೂರಿಸ್ಬುಟ್ಟು ಉರುಳೋದ್ರೆ ಏನ್ ಗತಿ?" ಎಂದರು. ಡಿಗ್ರಿ ಓದಿದ ನಾನು ಅದನ್ನು ನಂಬಿದೆ! ಆ ಸ್ಯಾಂಪಲ್ ಮೇಲೆ ಈಗ ಅವರ ಬುಲೆಟ್ ಹತ್ತಿ ಜಗಲಿಯಲ್ಲಿ ನಿಲ್ಲುತ್ತದೆ. ನಮ್ಮದು ಯಾವಾಗ ಎಂದು ಕೇಳಿದರೆ, "ಎರಡ್ನೇ ಕಂತು ಬರ್ಲಿ ಇರಮ್ಮ. ಗೌರ್ಮೆಂಟ್ ಏನ್ ನಮ್ಮಪ್ಪಂದಾ?"

ಶುಕ್ರವಾರ ಪಾಪುವನ್ನು ಎತ್ತಿಕೊಂಡು ನಾನೇ ಸಹಾಯಧನದ ಕಚೇರಿಗೆ ಹೋದೆ. ಅಲ್ಲಿಯ ಗುಮಾಸ್ತರು ಚಂದ್ರಶೇಖರ್, ತಾವೂ ಸೈನ್ಯದಲ್ಲಿದ್ದವರು. "ಎರಡ್ನೇ ಕಂತು ಹೋಗಿ ಮೂರ್ ತಿಂಗ್ಳಾತಲ್ಲಮ್ಮ! ನಿಮ್ಮೆಜಮಾನ್ರು ಕೂತಿರೋ ಫೋಟೋನೇ ಐತೆ" ಎಂದು ಕಂಪ್ಯೂಟರ್ ನನ್ನ ಕಡೆ ತಿರುಗಿಸಿದರು.

ಸ್ಯಾಂಪಲ್ ರ‍್ಯಾಂಪ್. ಅದರ ಮೇಲೆ ಇವರ ಗಾಲಿಕುರ್ಚಿ. ಸೊಂಟದಿಂದ ಕೆಳಗೆ ಕಂಬಳಿ, ಒಳಗೆ ಮಡಚಿಟ್ಟ ಕಾಲು, ಹಣೆಗೆ ಎಳೆದುಕೊಂಡ ಇವರ ಟೋಪಿ. ಕೂತಿರುವುದು ಭಾವ.

ಆಷಾಢದಲ್ಲಿ "ಬೇರಿಂಗ್ ಹೋಗೈತೆ, ಮಧುಗಿರೀಲಿ ಹಾಕುಸ್ಕೊಂಡು ಬತ್ತೀನಿ" ಎಂದು ಕುರ್ಚಿ ಒಯ್ದಿದ್ದರಲ್ಲ? ಎರಡು ದಿನ ಇವರು ನೆಲದ ಮೇಲೇ ಇದ್ದರು. ಕುರ್ಚಿ ಬಂದಾಗ ಟೈರಿಗೆ ಭಾವನ ರ‍್ಯಾಂಪಿನ ಕೆಂಪು ಗಾರೆಯ ಬಣ್ಣ ಮೆತ್ತಿತ್ತು. ಒದ್ದೆ ಬಟ್ಟೆ ತಂದು ಒರೆಸಿದವಳು ನಾನೇ.

ಇವರಿಗೆ ಹೇಳಿದೆ. "ಬುಡು ಮಧು. ಅಣ್ಣ ಅಲ್ವಾ? ಪಂಚಾಯ್ತಿ ಮೆಂಬ್ರು ಬೇರೆ, ಊರ್ನಾಗೆ ಅವನ ಮರ್ಯಾದೆ ಏನಾಯ್ತದೆ?" ಎಂದರು.

"ನಿಮ್ದು ದಿನಾ ನಾಕು ಗಂಟೆಗೆ ಏನಾಯ್ತದೋ ಅದೇ ಆಗ್ಲಿ" ಎಂದೆ. ಇವರ ಮಾತಿಗೆ ಬಿಟ್ಟೂ ಬಿಡುತ್ತಿದ್ದೆನೇನೋ. ಆದರೆ ನಿನ್ನೆ ಸಂಜೆ ಪಾಪು, ಹೋದ ತಿಂಗಳಷ್ಟೇ ನಡೆಯಲು ಕಲಿತ ಮಗು, ಯಾವ ರಾತ್ರಿ ಎಚ್ಚರವಾಗಿ ನೋಡಿತ್ತೋ, ನಡುಮನೆಯಲ್ಲಿ ಕುಕ್ಕರಿಸಿ ಅಪ್ಪನ ಚಪ್ಪಲಿಗೆ ಕೈ ತೂರಿಸಿಕೊಂಡು ಕುಂಡಿ ಎಳೆಯುತ್ತ ಹೊರಟಳು. "ಅಪ್ಪಾ, ಅಪ್ಪಾ!" ಎಂದು ನಗು ಬೇರೆ. ಇವರು ಗೋಡೆಗೆ ಮುಖ ತಿರುಗಿಸಿದರು.

ಇನ್ನು ನಾನು ಬಿಡುವುದಿಲ್ಲ. ಹತ್ತು ಗಂಟೆಗೆ ಚಂದ್ರಶೇಖರ್ ಸ್ಥಳ ನೋಡಲು ಬರುತ್ತಾರೆ. ದೂರು ಬರೆದು ಅಕ್ಕಿ ಡಬ್ಬದಲ್ಲಿಟ್ಟಿದ್ದೇನೆ. ಅದನ್ನು ಕೊಡುವ ಮೊದಲು ಇನ್ನೊಂದು ಕೆಲಸವಿದೆ. ಊರವರೆಲ್ಲ ಸೇರಿದ ಮೇಲೆ ಕುರ್ಚಿ ಹೊರಗೆ ತರುತ್ತೇನೆ. "ಬನ್ನಿ ಭಾವ, ಕೂತ್ಕೊಳ್ಳಿ, ನಿಮಗೆ ಅಭ್ಯಾಸ ಐತಲ್ಲ" ಎನ್ನುತ್ತೇನೆ. ಅದೇ ಕಂಬಳಿ ಹೊದಿಸುತ್ತೇನೆ. ಕೈಗೆ ಈ ಚಪ್ಪಲಿ ಕೊಟ್ಟು, "ಕಾಲು ಊರದೆ ನಮ್ಮ ಬಚ್ಚಲಿಗೆ ಒಂದ್ಸಲ ಹೋಗಿ ಬನ್ನಿ" ಎನ್ನುತ್ತೇನೆ. ಮೂರು ಮೆಟ್ಟಿಲನ್ನೂ ಅವರು ಇಳಿಯಬೇಕು, ಹತ್ತಬೇಕು, ಜನ ನೋಡಬೇಕು. ಆಮೇಲೆ ಕೇಸಾಗಲಿ, ಪಂಚಾಯಿತಿ ಮೆಂಬರ್‌ಗಿರಿ ಹೋಗಲಿ. ನಿನ್ನ ಗಂಡ ಎಂದು ಕನಿಕರ ಬರುತ್ತದೇನೋ ಎಂದು ನಾಲ್ಕು ದಿನ ಕಾದೆ. ಬರಲಿಲ್ಲ ಅಕ್ಕ.

ಅಮ್ಮ ಕಣ್ಣು ಉಜ್ಜಿಕೊಳ್ಳದ ಹಾಗೆ ನೋಡಿಕೋ. ನಿನ್ನ ಮಕ್ಕಳಿಬ್ಬರಿಗೂ ಚಿಕ್ಕಮ್ಮನ ಆಶೀರ್ವಾದ. ಇವತ್ತು ಏನೇ ಆದರೂ ಅವರು ನೂರು ಕಾಲ ಚೆನ್ನಾಗಿರಲಿ. ಇದನ್ನು ಮನಸಾರೆ ಬರೆಯುತ್ತಿದ್ದೇನೆ.

ನಿನ್ನ ತಂಗಿ,
ಮಧುಶ್ರೀ

ಮತ್ತೆ: ಬರೆಯಬಾರದು ಎಂದುಕೊಂಡಿದ್ದೆ. ಆ ಫೋಟೋವನ್ನು ನನ್ನ ಫೋನಿಗೆ ತೆಗೆದುಕೊಂಡು ಬಂದು ದೊಡ್ಡದು ಮಾಡಿ ನೋಡಿದೆ. ಕುರ್ಚಿಯ ಹಿಂದೆ ಯಾರೋ ನಿಂತಿದ್ದಾರೆ. ಮುಖ ಬಿದ್ದಿಲ್ಲ, ಹಿಡಿಕೆ ಹಿಡಿದ ಒಂದು ಕೈ ಮಾತ್ರ. ಮುಂಗೈ ಮೇಲೆ ಹಸಿರು ಹಚ್ಚೆ, ‘ಮಧು’ ಎಂದು. ತವರೂರು ನಿಡುಗಲ್ಲಿನಲ್ಲಿ ಹಚ್ಚೆಯವಳು ಬಾಗಿಲಿಗೆ ಬಂದಾಗ ನಿನಗೆ ಹನ್ನೆರಡು, ನನಗೆ ನಾಲ್ಕು. ದೇವರ ಹೆಸರು ಹಾಕಿಸಿಕೋ ಎಂದು ಅಮ್ಮ ಬೈದರೂ "ನಂಗೆ ನನ್ ತಂಗಿ ಹೆಸ್ರೇ ಬೇಕು" ಎಂದು ಅಳುತ್ತಲೇ ಕೈ ಚಾಚಿದ್ದೆಯಂತೆ.

ದೂರಿನಲ್ಲಿ ಆ ಕೈ ಯಾರದೆಂದು ಬರೆಯಬೇಕಾದ ಸಾಲನ್ನು ಖಾಲಿ ಬಿಟ್ಟಿದ್ದೇನೆ. ಭಾವ ಹೆದರಿಸಿದರು ಅನ್ನು. ಯಾತಕ್ಕೆಂದು ಗೊತ್ತಿಲ್ಲದೆ ಹಿಡಿದುಕೊಂಡೆ ಅನ್ನು. ಬೇಕಾದರೆ ಸುಳ್ಳೇ ಹೇಳು, ನಂಬುತ್ತೇನೆ. ಆದರೆ ಬೆಳಕು ಹರಿಯುವ ಮೊದಲು ಹೇಳು. ಅಮ್ಮನ ಮನೆಯಲ್ಲಿ ಬಾಗಿಲ ಹತ್ತಿರ ನಿಂತರೆ ಮಾತ್ರ ನೆಟ್‌ವರ್ಕ್ ಸಿಗುತ್ತದೆ, ಅಲ್ಲಿಗೇ ಬಂದು ನಿಂತುಕೋ. ಫೋನ್ ಕೈಯಲ್ಲೇ ಹಿಡಿದು ಕೂತಿದ್ದೇನೆ. ಒಂದೇ ಒಂದು ಸಲ ಫೋನ್ ಮಾಡು ಅಕ್ಕ, ನಿನ್ನ ಕಾಲಿಗೆ ಬೀಳುತ್ತೇನೆ, ಬೆಳಗಾಗುವುದರೊಳಗೆ ಫೋನ್ ಮಾಡು.