ಆ ಗೆರೆಯಲ್ಲಿ ನೀನಿಲ್ಲ

ಅಕ್ಕಾ,

ನಿನ್ನೆ ಸಂಜೆ ನಿನ್ನ ಗಂಡ ಪ್ರಭುದೇವ ಡೊಂಬಿವಲಿಯ ನಮ್ಮ ಮನೆಗೆ ಬಂದಿದ್ದ, ತನ್ನ ಎರಡನೆಯ ಮದುವೆಯ ಲಗ್ನಪತ್ರಿಕೆ ಹಿಡಿದುಕೊಂಡು. ಟಿವಿಯಲ್ಲಿ ದೇಶದ ಆತ್ಮಹತ್ಯೆ ಪ್ರಮಾಣದ ಗ್ರಾಫ್ ತೋರಿಸುತ್ತಿದ್ದರು. ಹೆಂಗಸರ ಗೆರೆ ವರ್ಷದಿಂದ ವರ್ಷಕ್ಕೆ ಕೆಳಗಿಳಿಯುತ್ತ ಬಂದಿತ್ತು.

"ನೋಡ್ರಿ ಮಾವಾರ, ಈಗಿನ ಹೆಣ್ಮಕ್ಕಳು ಸುಖದಾಗ ಅದಾರ" ಎಂದು ಅವನು ನಕ್ಕ.

ಆ ಗೆರೆಯಲ್ಲಿ ನೀನಿಲ್ಲ. ಅವನ ಹೊಡೆತ ತಾಳದೆ ನಿನ್ನ ಜೀವ ನೀನೇ ತೆಗೆದುಕೊಂಡಾಗ, ನನ್ನ ಮದುವೆ ಕೆಟ್ಟೀತೆಂದು ಅಪ್ಪ ಪೊಲೀಸರಿಗೆ "ಕಾಲು ಜಾರಿ ಬಿದ್ಲು" ಎಂದಿದ್ದರು. ಅವನೂ ಹೌದೆಂದಿದ್ದ.

ಅವನಿಗೆ ನೀರು ಕೊಡಲು ತಂದಿದ್ದ ಹಿತ್ತಾಳೆ ತಂಬಿಗೆಯನ್ನು ಅವನ ಹಣೆಗೇ ಬಡಿದೆ. ಮತ್ತೊಮ್ಮೆ ಬಡಿದೆ. ಹಣೆ ಒಡೆದು ರಕ್ತ ಲಗ್ನಪತ್ರಿಕೆಯ ಮೇಲೆ ಸುರಿಯಿತು. ಅವನು ನೆಲಕ್ಕುರುಳಿದ. ಇನ್ನೊಮ್ಮೆ ಕೈ ಎತ್ತಿದಾಗ ಅಪ್ಪ ನನ್ನ ರಟ್ಟೆ ಹಿಡಿದೆಳೆದರು.

ಸದ್ದು ಕೇಳಿ ಪಕ್ಕದ ಮನೆಯ ನೀಲಗಂಗಾ ಕಾಕು ಓಡಿ ಬಂದರು. "ಏನಾತ್ರಿ ಅಣ್ಣಾರ?"

ಅಪ್ಪ ಒಂದು ಗಳಿಗೆಯೂ ಯೋಚಿಸಲಿಲ್ಲ. "ಕಾಲು ಜಾರಿ ಬಿದ್ರು" ಎಂದರು.

ಮುಖವೆಲ್ಲ ರಕ್ತವಾಗಿದ್ದ ನಿನ್ನ ಗಂಡ, ನನ್ನ ಕೈಯಲ್ಲಿದ್ದ ತಂಬಿಗೆಯನ್ನೇ ನೋಡುತ್ತ, ಹೌದೆಂದು ತಲೆಯಾಡಿಸಿದ.